ಅರವತ್ತೆಂಟರ ಮದುಮಗಳು ಕಾಣೆಯಾದದ್ದು

ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕಡಲತೀರದ ಠಾಣೆಗೆ ಬಂದ ಹಿರಿಯರೊಬ್ಬರು, ತಾವು ಮದುವೆಯಾಗಬೇಕಿದ್ದ ಹೆಂಗಸನ್ನು ಯಾರೋ ಬಚ್ಚಿಟ್ಟಿದ್ದಾರೆಂದು ದೂರು ಕೊಟ್ಟರು. ವಯಸ್ಸು ಎಪ್ಪತ್ತೊಂದು. ಕಸುಬು, ಪಿಯಾನೊಗಳನ್ನು ಶ್ರುತಿ ಮಾಡುವುದು. ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ‘ಮೀಸೆ’ ಎಂದೇ ಹೆಸರು. ಅವನು ಪೆನ್ನು ನಿಲ್ಲಿಸಿದ.

“ಮದುವೆ ಯಾರದು ಅಂದ್ರಿ?”

“ನನ್ನದೇ. ನಾಳೆ ಹನ್ನೊಂದಕ್ಕೆ, ನೋಂದಣಿ ಕಚೇರೀಲಿ.”

ಮೀಸೆ ತನ್ನ ಮೀಸೆಯೊಳಗೇ ನಕ್ಕ. ಒಳಗಿನ ಮೇಜಿನಿಂದ ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳು ಎದ್ದು ಬಂದು ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿದಳು. ಅವರಿಗೆ ಹೇಳಬೇಕಾದ ಸುದ್ದಿ ಅವಳ ಬಳಿ ಇತ್ತು, ಹೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಆ ಹೆಂಗಸು ಕಾಣೆಯಾದ ಪ್ರಕರಣ ಹಿಂದಿನ ದಿನವೇ ದಾಖಲಾಗಿತ್ತು. ಊರಿನ ಹಳೇ ದೊಡ್ಡ ಹೋಟೆಲಿನಲ್ಲಿ ಮಗನ ಜೊತೆ ತಂಗಿದ್ದ ಆಕೆ, ಸೋಮವಾರ ಮುಂಜಾನೆ ಸಮುದ್ರ ಸ್ನಾನಕ್ಕೆ ಹೋದವರು ವಾಪಸು ಬಂದಿಲ್ಲವೆಂದು ಮಗ ಬರೆದುಕೊಟ್ಟಿದ್ದ. ದಂಡೆಯ ಮೇಲೆ ಚಪ್ಪಲಿ, ಟವೆಲು, ಕನ್ನಡಕ ಸಿಕ್ಕಿದ್ದವು. ದೋಣಿಯವರು ಇನ್ನೂ ಹುಡುಕುತ್ತಿದ್ದರು. ಇನ್‌ಸ್ಪೆಕ್ಟರ್ ಈ ಠಾಣೆಗೆ ಬಂದಮೇಲೆ ಸಮುದ್ರ ಯಾರನ್ನೂ ಜೀವಂತವಾಗಿ ಹಿಂದಕ್ಕೆ ಕೊಟ್ಟಿರಲಿಲ್ಲ.

ಕೊನೆಗೆ ಅವಳು ವಿಷಯ ಹೇಳಿದಳು. “ನಿನ್ನೆ ಅವರ ಮಗ ನನಗೂ ಅದನ್ನೇ ಹೇಳಿದ,” ಎಂದರು ಹಿರಿಯರು. “ನಾನು ನಂಬಲಿಲ್ಲ. ಭಾನುವಾರ ಸಂಜೆ ಆಕೆ, ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಮದುವೆ ವಿಷಯ ಹೇಳ್ತೀನಿ ಅಂದಿದ್ರು. ಬೆಳಗಾಗೋದ್ರೊಳಗೆ ಇಲ್ಲ ಅಂದ್ರೆ ಹೇಗೆ? ಕಿವಿ ಮಷೀನು ಸಿಕ್ತಾ?”

“ಯಾವ ಮಷೀನು?”

“ಅದಿಲ್ಲದಿದ್ರೆ ಆಕೆಗೆ ಏನೂ ಕೇಳಿಸಲ್ಲ. ಮುಖ ತೊಳೆಯೋಕೆ ಹೋದ್ರೂ ಮೊದಲು ಅದನ್ನ ತೆಗೆದು ಡಬ್ಬಿಯೊಳಗೆ ಇಡ್ತಾರೆ. ಬ್ಯಾಟರಿ ಮುಗೀತಾ ಬಂತು, ತಂದುಕೊಡಿ ಅಂತಲೂ ಅಂದಿದ್ರು.” ಅವರು ಜೇಬಿನಿಂದ ಗುಂಡನೆಯ ಪುಟ್ಟ ಬ್ಯಾಟರಿಗಳಿದ್ದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

ಇನ್‌ಸ್ಪೆಕ್ಟರ್ ದಂಡೆಯ ಪಂಚನಾಮೆ ತರಿಸಿ ನೋಡಿದಳು. ಕಿವಿ ಮಷೀನು ಇರಲಿಲ್ಲ, ಅದರ ಡಬ್ಬಿಯೂ ಇರಲಿಲ್ಲ. ಎಫ್‌ಐಆರ್ ದಾಖಲಿಸಲು ಹೇಳಿ ಜೀಪು ಹತ್ತಿದಳು.

ಹೋಟೆಲು ಕಡಲಿಗೆ ಎದೆಕೊಟ್ಟು ನಿಂತಿತ್ತು. ಬಿಳಿ ಕಂಬಗಳ ಉದ್ದನೆಯ ವೆರಾಂಡ, ಹಿತ್ತಾಳೆಯ ಜಾಲರಿ ಬಾಗಿಲಿನ ಲಿಫ್ಟು, ನೂರು ವರ್ಷ ಕಾಲು ಸವೆಸಿದ ಅಮೃತಶಿಲೆಯ ಮೆಟ್ಟಿಲು. ಕೆಂಪು ಕಾರ್ಪೆಟ್ಟಿನ ಅಂಚಿನಲ್ಲಿ ಮೀಸೆ ತಡೆದು ನಿಂತ.

“ಶೂ ಬಿಚ್ಚಬೇಕಾ ಮೇಡಂ?”

“ನಡೀರಿ ಮೀಸೆಯವ್ರೇ. ನಾವೇನು ಹೆಣ್ಣು ನೋಡೋಕೆ ಬಂದಿಲ್ಲ.”

“ಒಂಥರಾ ಅದಕ್ಕೇ ಬಂದಿದ್ದೀವಲ್ಲ ಮೇಡಂ.”

ಮಗನಿಗೆ ನಲವತ್ತನಾಲ್ಕು ವರ್ಷ. ಹಳೇ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಎಂಜಿನಿಯರು. ಹೋಟೆಲಿನ ಉತ್ತರದ ಭಾಗ ಶಿಥಿಲವಾಗಿ ಮುಚ್ಚಿತ್ತು, ಅದರ ಕೆಲಸ ಇವನದು. ಒಂಟಿಯಾಗಿರುವುದು ಬೇಡವೆಂದು ತಾಯಿಯನ್ನೂ ಕರೆತಂದಿದ್ದ. ಅವನು ಕೆಲಸಕ್ಕೆ ಹೋದಮೇಲೆ ಆಕೆ ಕೆಳಗಿನ ಹಾಲಿನಲ್ಲಿ ಕೂತು ಹಿರಿಯರು ಪಿಯಾನೊ ಶ್ರುತಿ ಮಾಡುವುದನ್ನು ನೋಡುತ್ತಿದ್ದರು. ಮಾತು ಶುರುವಾಗಿದ್ದು ಹಾಗೆ.

“ನಿಮ್ಮ ತಾಯಿಯ ಕಿವಿ ಮಷೀನು ಎಲ್ಲಿ?” ಇನ್‌ಸ್ಪೆಕ್ಟರ್ ಕೇಳಿದಳು.

ಅವನು ತಡವರಿಸಿದ. “ಹಾಕ್ಕೊಂಡೇ ನೀರಿಗೆ ಇಳಿದಿರಬೇಕು.”

“ಡಬ್ಬಿ?”

“ಗೊತ್ತಿಲ್ಲ.”

“ತಾಯಿ ಮದುವೆ ವಿಷಯ ಹೇಳಿದ್ರಾ?”

“ಅಮ್ಮನಿಗೆ ವಯಸ್ಸಾಗಿತ್ತು. ಏನೇನೋ ಮಾತಾಡ್ತಿದ್ರು.”

ಅವನ ಕಣ್ಣು ಅತ್ತು ಕೆಂಪಾಗಿತ್ತು. ಆ ಅಳು ನಾಟಕವಲ್ಲವೆಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು. ಅವಳಿಗೆ ಲೆಕ್ಕ ತಪ್ಪಿದ್ದು ಅಲ್ಲೇ. ಕೊಂದವನು ಹೀಗೆ ಅಳುವುದಿಲ್ಲ, ಕಳೆದುಕೊಂಡವನು ಹೀಗೆ ಸುಳ್ಳು ಹೇಳುವುದಿಲ್ಲ. ಕೋಣೆಯನ್ನೆಲ್ಲ ಜಾಲಾಡಿದರೂ ಮಷೀನಾಗಲಿ ಡಬ್ಬಿಯಾಗಲಿ ಸಿಗಲಿಲ್ಲ.

ವೆರಾಂಡದಲ್ಲಿ ನಿಂತು ಅವಳು ಮೀಸೆಗೆ ಹೇಳಿದಳು, “ಆಯಮ್ಮ ಬದುಕಿದ್ರೆ ಬ್ಯಾಟರಿ ಬೇಕು. ಔಷಧಿ ಅಂಗಡಿಗಳನ್ನೆಲ್ಲ ಒಂದು ಸುತ್ತು ಹಾಕಿ ಬನ್ನಿ.”

ಆ ಬ್ಯಾಟರಿ ಇಡುತ್ತಿದ್ದುದು ಎರಡೇ ಅಂಗಡಿ. ಒಂದರಲ್ಲಿ ಯಾರೂ ಕೊಂಡಿರಲಿಲ್ಲ. ಇನ್ನೊಂದು ಮಂಗಳವಾರ ರಜೆ. ಬುಧವಾರ ಎಂಟೂವರೆಗೆ ಅದರ ಬಾಗಿಲು ತೆಗೆದಾಗ ಮೀಸೆ ಹೊಸ್ತಿಲಲ್ಲೇ ನಿಂತಿದ್ದ. ಅಂಗಡಿಯ ಹೆಂಗಸು ಮಗನ ಫೋಟೋ ನೋಡಿದ ಕೂಡಲೇ ಗುರುತು ಹಿಡಿದಳು.

“ಸೋಮವಾರ ಸಂಜೆ ಬಂದಿದ್ರಲ್ಲ. ಅಮ್ಮನಿಗೆ ಅಂತ ತಗೊಂಡ್ರು.”

ಮುಂಜಾನೆ ಮುಳುಗಿದ ತಾಯಿಗೆ ಸಂಜೆ ಬ್ಯಾಟರಿ. ಮೀಸೆ ಅಂಗಡಿಯ ಮುಂದಿನಿಂದಲೇ ಫೋನು ಮಾಡಿದ. ಇನ್‌ಸ್ಪೆಕ್ಟರ್ ಕುಡಿಯುತ್ತಿದ್ದ ಕಾಫಿಯನ್ನು ಅಲ್ಲೇ ಬಿಟ್ಟು ಎದ್ದಳು.

ಹೋಟೆಲಿನ ಮ್ಯಾನೇಜರನ್ನು ಅವಳು ಕೇಳಿದ್ದು ಒಂದೇ ಪ್ರಶ್ನೆ: ಉತ್ತರದ ಭಾಗದಲ್ಲಿ ಈಗ ಕೆಲಸ ನಡೀತಿದೆಯಾ?

“ಇಲ್ಲ ಮೇಡಂ. ಬಣ್ಣ ಒಣಗಬೇಕು ಅಂತ ಸೋಮವಾರದಿಂದ ಕೂಲಿಯವರಿಗೆಲ್ಲ ರಜೆ ಕೊಟ್ಟಿದ್ದಾರೆ. ಬೀಗದ ಕೈ ಎಂಜಿನಿಯರ್ ಹತ್ತಿರಾನೇ ಇದೆ.”

ಮಗ ಮುಂದಿದ್ದ ತಿಂಡಿಯನ್ನು ಮುಟ್ಟದೆ ಕೂತಿದ್ದ. ಇನ್‌ಸ್ಪೆಕ್ಟರ್ ಹಿರಿಯರು ತಂದಿದ್ದ ಬ್ಯಾಟರಿಯ ಪೊಟ್ಟಣವನ್ನು ಅವನ ತಟ್ಟೆಯ ಪಕ್ಕ ಇಟ್ಟು ಕೈ ಚಾಚಿದಳು. ಅವನು ಅದನ್ನೇ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ ಬೀಗದ ಕೈಗಳನ್ನು ಅವಳ ಅಂಗೈಗೆ ಹಾಕಿದ.

ಇಬ್ಬರು ಪಂಚರ ಸಮಕ್ಷಮ ಉತ್ತರದ ಭಾಗದ ಬಾಗಿಲು ತೆಗೆದಾಗ ಒಂಬತ್ತೂ ಇಪ್ಪತ್ತು. ಸುಣ್ಣದ ವಾಸನೆ, ಬಟ್ಟೆ ಹೊದೆಸಿದ ಸೋಫಾಗಳು, ಹಲಗೆ ಬಡಿದ ಕಿಟಕಿಗಳು. ಎಷ್ಟು ಕೂಗಿದರೂ ಹೊರಗೆ ಕೇಳುತ್ತಿದ್ದುದು ಅಲೆಯ ಸದ್ದು ಮಾತ್ರ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ, ಹಾಸಿಗೆಯ ಅಂಚಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಆಕೆ ಕೂತಿದ್ದರು.

“ಈಗ ಎಷ್ಟು ಗಂಟೆ?” ಎಂದರು ಮೊದಲು.

“ಒಂಬತ್ತೂವರೆ ಆಗ್ತಾ ಬಂತಮ್ಮ.”

“ಹಾಗಾದ್ರೆ ಹೊತ್ತಿದೆ. ನನಗೆ ಸ್ನಾನಕ್ಕೆ ಬಿಸಿನೀರು ಬೇಕು. ಈ ಬಟ್ಟೇಲಿ ನಾನು ಮದುವೆ ಆಗಲ್ಲ.”

ಇನ್‌ಸ್ಪೆಕ್ಟರ್ ಗೋಡೆಗೆ ಒರಗಿದಳು. ನಗು ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು. ಎಷ್ಟೊಂದು ಮನೆಗಳ ಬಾಗಿಲಲ್ಲಿ ಟೋಪಿ ತೆಗೆದು ನಿಂತು ಕೆಟ್ಟ ಸುದ್ದಿ ಹೇಳಿದ್ದಳು. ಇವತ್ತು ಹೇಳುವುದಕ್ಕೆ ಒಂದು ಒಳ್ಳೆಯ ಸುದ್ದಿ ಇತ್ತು. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡದೆ ತಾನೇ ಫೋನು ಮಾಡಿದಳು.

ಆಕೆ ಸಿಕ್ಕಿದ್ದನ್ನು ಹಿರಿಯರಿಗೆ ಹೇಳಿದಳು. “ನೀವು ಕೋಟು ಹಾಕ್ಕೊಂಡು ಬನ್ನಿ ಸಾಕು,” ಎಂದಳು ಇನ್‌ಸ್ಪೆಕ್ಟರ್.

ತಾಯಿಯನ್ನು ಅಕ್ರಮವಾಗಿ ಕೂಡಿಹಾಕಿದ, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟ ಆರೋಪದ ಮೇಲೆ ಮಗನನ್ನು ಬಂಧಿಸಲಾಯಿತು. ಮೆಟ್ಟಿಲ ಬುಡದಲ್ಲಿ ತಾಯಿಯ ಎದುರು ಅವನು ತಲೆ ಎತ್ತಲಿಲ್ಲ.

“ಕೇಸು ಹಾಕ್ತೀರಾ?” ಆಕೆ ಕೇಳಿದರು.

“ಹಾಕಲೇಬೇಕಮ್ಮ.”

“ಹಾಕಿ. ಮೊದಲು ಊಟ ಹಾಕಿ. ಎರಡು ದಿನದಿಂದ ನನಗೆ ತಂದುಕೊಟ್ಟು ತಾನು ಉಪವಾಸ ಇದ್ದಾನೆ, ಪೆದ್ದ.”

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಪೊಲೀಸ್ ಜೀಪು ನೋಂದಣಿ ಕಚೇರಿಯ ಮುಂದೆ ನಿಂತಿತು. ಹಿಂದಿನಿಂದ ಅಡುಗೆಮನೆಯವರು, ಕೋಣೆ ಗುಡಿಸುವವರು ಹೋಟೆಲಿನ ವ್ಯಾನಿನಲ್ಲಿ ಬಂದಿದ್ದರು. ಹಿರಿಯರು ಆಕೆಯ ಎರಡೂ ಕೈ ಹಿಡಿದುಕೊಂಡವರು, ಸಹಿ ಮಾಡುವುದಕ್ಕೂ ಬಿಡಲು ಒಪ್ಪಲಿಲ್ಲ. ಸಾಕ್ಷಿಗೆ ಗುರುತಿನ ಚೀಟಿ ತಂದವರು ಒಬ್ಬರು ಕಡಿಮೆ ಬಿದ್ದಾಗ ಮೀಸೆ ಮುಂದೆ ಬಂದ. ಸರ್ವಿಸ್ಸೆಲ್ಲ ಬೇರೆಯವರನ್ನು ಹಿಡಿದು ತಂದು ಸಾಕ್ಷಿ ಹಾಕಿಸಿದವನು, ಯಾರೂ ಕರೆಯದೆ ತಾನೇ ಹೋಗಿ ರುಜು ಹಾಕಿದ. ಹೊರಗೆ ವ್ಯಾನಿನವರ ಚಪ್ಪಾಳೆಗೆ ಬೀದಿಯವರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನ ಊಟವಾದ ಮೇಲೆ ಮಗ ಹೇಳಿಕೆ ಕೊಟ್ಟ. ಮದುವೆಯ ದಿನ ದಾಟುವವರೆಗೆ ಕೂಡಿಹಾಕಿ, ಆಮೇಲೆ ತಾಯಿಯನ್ನು ಊರಿಗೆ ಕರೆದೊಯ್ಯುವುದು ಅವನ ಆಲೋಚನೆಯಾಗಿತ್ತು. ಸೋಮವಾರ ಬೆಳಿಗ್ಗೆಯೇ ಹಿರಿಯರು ಹುಡುಕಿಕೊಂಡು ಬಂದಾಗ ಬಾಯಿಗೆ ಬಂದ ಸುಳ್ಳು ಸಮುದ್ರದ್ದು. ಅದನ್ನು ನಿಜ ಮಾಡಲು ಚಪ್ಪಲಿ ಇಟ್ಟ, ಠಾಣೆಗೂ ಬಂದ.

“ಜನ ಆಡಿಕೊಳ್ತಾರೆ ಅಂತಲಾ?” ಇನ್‌ಸ್ಪೆಕ್ಟರ್ ಕೇಳಿದಳು.

“ಅದೂ ಇತ್ತು. ಅಪ್ಪ ಹೋದಾಗ ನನಗೆ ಹನ್ನೊಂದು ವರ್ಷ. ಇನ್ಮೇಲೆ ಅಮ್ಮನನ್ನ ನೀನೇ ನೋಡ್ಕೋಬೇಕು ಅಂದ್ರು ಎಲ್ಲರೂ. ಅವತ್ತಿಂದ ಅದೊಂದೇ ನನ್ನ ಕೆಲಸ. ಮದುವೆ ಕೂಡ ಆಗಲಿಲ್ಲ. ಭಾನುವಾರ ಅಮ್ಮ ಹೇಳಿದ್ರು, ಇನ್ನು ನೀನು ಆರಾಮಾಗಿರು ಮಗನೇ, ನನ್ನ ನೋಡ್ಕೊಳ್ಳೋಕೆ ಒಬ್ಬರು ಸಿಕ್ಕಿದ್ದಾರೆ ಅಂತ. ಆರಾಮಾಗಿ ಇರೋದು ಹೇಗೆ ಅಂತ ನನಗೆ ಗೊತ್ತಿಲ್ಲ ಮೇಡಂ.”

ಇನ್‌ಸ್ಪೆಕ್ಟರ್ ಅದನ್ನು ಅವನು ಹೇಳಿದ ಹಾಗೆಯೇ, ಒಂದು ಪದವನ್ನೂ ತಿದ್ದದೆ ಬರೆದುಕೊಂಡಳು.