ಮೂರನೇ ನಂಬರ್ ಮಷಿನ್

ಬೊಳ್ಳಮ್ಮ ನನ್ನೊಡನೆ ಆಡಿದ ಮೊದಲ ಮಾತೇ ದೂರು.

“ಮಾಸ್ಟ್ರೇ, ಇದು ಟೈಪ್ ಮಾಡೋದಾ, ಭತ್ತ ಕುಟ್ಟೋದಾ?”

ಗೋಣಿಕೊಪ್ಪಲಿನಲ್ಲಿ ಕಾಳುಮೆಣಸಿನ ಅಂಗಡಿಯ ಮಹಡಿಯ ಮೇಲೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್. ಇದ್ದದ್ದು ಐದೇ ಹಳೇ ಇಂಗ್ಲಿಷ್ ಮಷಿನ್. ಕಲಿಸುವವನೂ ನಾನೇ, ರಿಪೇರಿ ಮಾಡುವವನೂ ನಾನೇ, ಶನಿವಾರಸಂತೆ ಕಡೆಯ ಮಲ್ಲಪ್ಪ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಆಫೀಸುಗಳಿಗೆ ಟೈಪಿಸ್ಟ್‌ಗಳು ಬೇಕಾಗಿದ್ದರು.

“ಬೇರೆ ಮಷಿನ್ ನೋಡಿ” ಎಂದೆ.

ಗಂಡಿನ ಕಡೆಯವರು ಹೆಣ್ಣು ನೋಡುವ ಹಾಗೆ ನೋಡಿದಳು. ಒಂದನೆಯದು ಬಿಗಿ. ಎರಡನೆಯದು ಗಡಗಡ ಸದ್ದು. ನಾಲ್ಕನೆಯದರ ಕೀಗಳು ಸವೆದು ಬೆರಳು ಜಾರುತ್ತಿತ್ತು. ಐದನೆಯದರಲ್ಲಿ ಒತ್ತಿದ ಕೀ ಮೇಲೇಳುವುದೇ ಇಲ್ಲ. ಮೂರನೇ ನಂಬರಿನ ಮುಂದೆ ಕುಳಿತು, ಕಣ್ಣು ಮುಚ್ಚಿ, ಒಂದೊಂದೇ ಕೀ ಒತ್ತಿದಳು. ಆ ಮುಚ್ಚಿದ ರೆಪ್ಪೆಗಳನ್ನು ನಾನು ನೋಡುತ್ತ ನಿಂತದ್ದು ಅವಳಿಗೆ ಹೇಗೋ ಗೊತ್ತಾಯಿತು.

“ಮಷಿನ್ ನೋಡಿ ಮಾಸ್ಟ್ರೇ, ನನ್ನಲ್ಲ. ಇದು ಪರವಾಗಿಲ್ಲ. ಆದ್ರೆ ಈ ಎಡಗಡೆ ಕೊನೇ ‘ಎ’ ಮಾತ್ರ ಆದುಲೆ.”

ಆದುಲೆ ಎಂದರೆ ಅವರ ಅರೆಭಾಷೆಯಲ್ಲಿ ಆಗುವುದಿಲ್ಲ ಎಂದು. ಎಡಗೈ ಎತ್ತಿ ತೋರಿಸಿದಳು. ಕಿರುಬೆರಳಿನ ಬುಡದಲ್ಲಿ ಬಿಳೀ ಗೆರೆ.

“ಕೊಯ್ಲಲ್ಲಿ ಕತ್ತಿ ತಾಗಿದ್ದು. ಪೈರಿನ ಬುಡ ಹಿಡಿಯೋದು ಎಡಗೈಯಲ್ವಾ. ಆಮೇಲೆ ಈ ಬೆರಳಿಗೆ ಬಲ ಇಲ್ಲ.”

ತಂದೆಯಿಲ್ಲದ ಹುಡುಗಿ. ಊರು ನಾಪೋಕ್ಲು ಕಡೆ. ಇಲ್ಲಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಸೋದರಮಾವ ಪೂವಯ್ಯನವರ ಮನೆಯಲ್ಲಿದ್ದಳು. ಹುತ್ತರಿ ಹಬ್ಬದೊಳಗೆ ಸರ್ಕಾರಿ ಕೆಲಸ ಸಿಕ್ಕಿದರೆ ಸರಿ, ಇಲ್ಲವಾದರೆ ದೇರಪ್ಪ ಎಂಬವನಿಗೆ ಕೊಟ್ಟು ಮದುವೆ. ಇದು ಮಾವನ ಮಾತು.

ಮರುದಿನ ಬೆಳಿಗ್ಗೆ, ಅವಳು ಬರುವ ಮೊದಲು, ಮೂರನೇ ನಂಬರಿನ ಹೊಟ್ಟೆಯೊಳಗೆ ಸ್ಕ್ರೂಡ್ರೈವರ್ ಹಾಕಿ ‘ಎ’ ಕೀಯ ಸ್ಪ್ರಿಂಗನ್ನು ಕಾಲು ಸುತ್ತು ಸಡಿಲಿಸಿದೆ. ಮುಂದಿನ ವಾರ ಮತ್ತೆ ಕಾಲು ಸುತ್ತು. ಪಕ್ಕದ ಕೀಗಳಿಗೂ ಅಷ್ಟಷ್ಟು. ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

“ಮಾಸ್ಟ್ರೇ, ಬೆರಳು ವಾಸಿಯಾಯ್ತು! ಡಾಕ್ಟ್ರು ಜನ್ಮದಲ್ಲಿ ಆಗಲ್ಲ ಅಂದಿದ್ರು.”

ಆ ಬೆರಳನ್ನು ನನ್ನ ಮುಖದ ಮುಂದೆ ಕುಣಿಸಿದಳು. ಅವಳ ಕಣ್ಣಲ್ಲಿದ್ದ ಖುಷಿಯನ್ನು ಕೆಡಿಸಲು ನನಗೆ ಬಾಯಿ ಬರಲಿಲ್ಲ. ಹೇಡಿ ನಾನು.

“ನಿಮ್ಮ ಮಷಿನ್ನಿಗೆ ನನ್ನ ಮೇಲೆ ಪ್ರೀತಿ” ಎಂದಳು.

“ಮಷಿನ್ನಿಗೆ ಮಾತ್ರವಾ?”

ಅವಳು ಕಾಗದ ಸರಿಪಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಕಿವಿಯ ತುದಿ ಕೆಂಪಾದದ್ದು ಕಾಣುತ್ತಿತ್ತು. “ಕೆಲಸ ಸಿಗಲಿ. ಆಮೇಲೆ ಮಾವನ ಹತ್ರ ನಾನೇ ಬಾಯಿ ಬಿಡ್ತೇನೆ. ಜಾತಿ ಬೇರೆ ಅಂತ ಕೂಗಾಡ್ತಾರೆ. ಆದ್ರೆ ಸಂಬಳ ತರೋಳ ಮಾತನ್ನ ಅರ್ಧನಾದ್ರೂ ಕೇಳ್ತಾರೆ.”

ಸರ್ಕಾರಿ ಟೈಪಿಂಗ್ ಪರೀಕ್ಷೆಗೆ ಅಭ್ಯರ್ಥಿಗಳು ತಮ್ಮ ಮಷಿನ್ ತಾವೇ ಒಯ್ಯಬೇಕಿತ್ತು. ಮೂರನೇ ನಂಬರನ್ನು ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿಟ್ಟೆವು. ಅವಳು ದಾರಿಯುದ್ದಕ್ಕೂ ಅದನ್ನು ಮಡಿಲ ಕೂಸಿನ ಹಾಗೆ ಹಿಡಿದುಕೊಂಡಿದ್ದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು.

ಹುತ್ತರಿಗೆ ಮೂರು ವಾರವಿದ್ದಾಗ ಮಡಿಕೇರಿಯ ಒಂದು ಆಫೀಸಿನಿಂದ ಕರೆ ಬಂತು. ಹತ್ತು ನಿಮಿಷದ ಟೆಸ್ಟ್. ಆಫೀಸಿನ ಮಷಿನ್ನಿನಲ್ಲೇ ಆಗಬೇಕಂತೆ. ಆಗಲಾದರೂ ನಾನು ಹೇಳಬೇಕಿತ್ತು. ಬೇರೆ ಮಷಿನ್ನಿನ ಮುಂದೆ ಕೂರಿಸಿ ಮೂರು ದಿನವಾದರೂ ಅಭ್ಯಾಸ ಮಾಡಿಸಬೇಕಿತ್ತು. ಹೇಳಿದರೆ ಧೈರ್ಯವೇ ಕುಂದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಜೆ ಬಸ್ಸಿಳಿದು ನೇರ ಮಹಡಿ ಹತ್ತಿ ಬಂದಳು. ಕೈಯಲ್ಲಿ ಟೆಸ್ಟಿನ ಕಾಗದ.

“ಕೆಲಸ ಇಲ್ಲ ಅಂದ್ರು. ಇದನ್ನಾದ್ರೂ ಕೊಡಿ ಅಂತ ಕೇಳಿ ತಗೊಂಡು ಬಂದೆ.”

ಸಾಲು ಸಾಲಿನಲ್ಲೂ ‘ಎ’ ಇದ್ದ ಕಡೆ ಖಾಲಿ, ಇಲ್ಲವೇ ಮಸುಕು.

“ಬೆರಳು ಮತ್ತೆ ಸತ್ತೋಯ್ತು ಮಾಸ್ಟ್ರೇ. ಯಾಕೆ ಅಂತ ಗೊತ್ತಾಗ್ಲಿಲ್ಲ.”

ನಾನು ಎಲ್ಲ ಹೇಳಿದೆ. ಕಾಲು ಸುತ್ತು, ಮತ್ತೆ ಕಾಲು ಸುತ್ತು. ಅವಳು ಕುರ್ಚಿಯಲ್ಲಿ ಕುಳಿತು ಕೇಳಿದಳು. ಕೆಳಗೆ ಅಂಗಡಿಯಲ್ಲಿ ಯಾರೋ ಮೆಣಸು ಜರಡಿ ಹಿಡಿಯುತ್ತಿದ್ದರು.

“ಮೊದ್ಲೇ ಹೇಳಿದ್ರೆ ನೋವಾದ್ರೂ ಬಿಗಿ ಮಷಿನ್ನಲ್ಲೇ ಕಲೀತಿದ್ದೆ” ಎಂದಳು ಕೊನೆಗೆ.

“ನಿಮ್ಗೆ ನೋವಾಗೋದು ನೋಡಕ್ಕಾಗ್ಲಿಲ್ಲ ಕಣ್ರೀ. ನಿಮ್ಮ ಮೇಲೆ ಅಷ್ಟು ಪ್ರೀತಿ.”

“ಅದು ನಂಗೆ ಗೊತ್ತಿತ್ತು. ಗೊತ್ತಿಲ್ದೆ ಇದ್ದದ್ದು ಸ್ಪ್ರಿಂಗಿನ ವಿಷಯ ಮಾತ್ರ.” ನಗಲು ನೋಡಿದಳು, ಆಗಲಿಲ್ಲ.

ನಾಳೆಯೇ ಪೂವಯ್ಯನವರ ಕಾಲಿಗೆ ಬೀಳುತ್ತೇನೆ ಎಂದೆ. ಅವಳು ತಲೆಯಲ್ಲಾಡಿಸಿದಳು. ಮಾವ ಮಡಿಕೇರಿಯಲ್ಲೇ ದೇರಪ್ಪನ ಕಡೆಯವರಿಗೆ ಮಾತು ಕೊಟ್ಟಾಗಿತ್ತು. ಆಫೀಸಿನ ಗುಮಾಸ್ತರು ಫಲಿತಾಂಶವನ್ನು ಮೊದಲು ಹೇಳಿದ್ದೇ ಜೊತೆಗೆ ಹೋಗಿದ್ದ ಅವರಿಗೆ. ಕೊಟ್ಟ ಮಾತು ತಪ್ಪಿದರೆ ಊರಿನಲ್ಲಿ ತಾಯಿಗೆ ತಲೆಯೆತ್ತಿ ನಡೆಯಲಾಗುವುದಿಲ್ಲ ಎಂದಳು.

“ಒಂದು ಕೆಲಸ ಮಾಡಿ. ಸ್ಪ್ರಿಂಗನ್ನ ಮೊದ್ಲಿದ್ದ ಹಾಗೆ ಬಿಗಿ ಮಾಡಿ. ನಾಳೆ ಇನ್ನೊಬ್ಳು ಬಂದು ಇದ್ರಲ್ಲಿ ಕಲಿತು ನನ್ನ ಹಾಗೆ ಮೋಸ ಹೋಗ್ಬಾರ್ದು.”

ಮೋಸ ಎಂಬ ಮಾತು ನಾಟಿತು. ಸ್ಕ್ರೂಡ್ರೈವರ್ ತಂದೆ. ನಾನು ಕಾಲು ಸುತ್ತು ತಿರುಗಿಸುವುದು, ಅವಳು ಆ ಬೆರಳಿನಿಂದ ಒತ್ತಿ ನೋಡುವುದು.

“ಇನ್ನೂ.”

ತಿರುಗಿಸಿದೆ.

“ಇನ್ನೂ ಮಾಸ್ಟ್ರೇ.”

ಕೊನೆಯ ಸುತ್ತಿಗೆ ಅವಳ ಬೆರಳು ಬಾಗಿತು, ಕೀ ಕದಲಲಿಲ್ಲ. ನಾನು ಆ ಬೆರಳನ್ನು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಆರು ತಿಂಗಳಲ್ಲಿ ನಾನು ಅವಳನ್ನು ಮುಟ್ಟಿದ್ದು ಅದೊಂದೇ ಸಲ.

“ಆದುಲೆ” ಎಂದಳು ಮೆಲ್ಲಗೆ. “ಈಗ ಸರಿಯಾಯ್ತು.”

ಹುತ್ತರಿ ಕಳೆದು ಹತ್ತನೇ ದಿನಕ್ಕೆ ಅವಳ ಮದುವೆಯಾಯಿತು. ಮೂರನೇ ನಂಬರ್ ಮಷಿನ್ ಇನ್ನೂ ನನ್ನ ಹತ್ತಿರವೇ ಇದೆ. ಎಷ್ಟೋ ಮಂದಿ ಅದರಲ್ಲಿ ಕಲಿತು ಕೆಲಸಕ್ಕೆ ಹೋದರು. ಒಬ್ಬರೂ ದೂರು ಹೇಳಲಿಲ್ಲ.