ಚುಕ್ಕೆ ಮೂರರ ಚಾಂಪಿಯನ್ನರು

ಕೂಡಿಸಿದ್ದರಲ್ಲಿ ತಪ್ಪಿಲ್ಲ. ಭಾಗಿಸಿದ್ದರಲ್ಲೂ ತಪ್ಪಿಲ್ಲ. ಮೂರು ಸಲ ತಾಳೆ ನೋಡಿದ್ದಾಯಿತು. ಹಾಗಿದ್ದಮೇಲೆ ನಾಲ್ಕನೇ ಸಲವೂ ನೋಡಬೇಕು ಅನ್ನಿಸುವುದೇಕೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಿಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಅವಳ ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟ್ ಪೇಪರ್ ಇತ್ತು. ಮುಂದೆ ಸೋದರಮಾವ ಸಿಳ್ಳೆ ಹಾಕುತ್ತಾ ನಡೆಯುತ್ತಿದ್ದ. ಮಾವ ಬಸ್ ಡ್ರೈವರ್. ಭಾನುವಾರ ಬಸ್ಸಿಗೆ ರಜೆ, ಆದರೆ ಅವನ ಕೈಗಳಿಗೆ ರಜೆಯಿಲ್ಲ. ಬೀದಿಯಲ್ಲಿ ತಿರುವು ಬಂದರೆ ಸಾಕು, ಎರಡೂ ಕೈ ತಾವಾಗಿಯೇ ಸ್ಟೀರಿಂಗ್ ತಿರುಗಿಸುತ್ತಿದ್ದವು.

ಇಬ್ಬರೂ ಹೊರಟಿದ್ದು ಕಟಿಂಗ್ ಶಾಪಿಗೆ. ಕೂದಲಿಗಾಗಿ ಅಲ್ಲ. ಮಾವನ ತಲೆಯಲ್ಲಿ ಕತ್ತರಿಸುವಷ್ಟು ಕೂದಲೇ ಇರಲಿಲ್ಲ.

ವಿಷಯ ಇಷ್ಟು. ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಗಿ ಇಪ್ಪತ್ತೆರಡು ವರ್ಷ ಆಗಿತ್ತು. ಅಂದರೆ ಇಪ್ಪತ್ತೆರಡು ಚಾಂಪಿಯನ್ ತಂಡಗಳು. ಅವುಗಳಲ್ಲೆಲ್ಲ ದೊಡ್ಡದು ಯಾವುದು? ಬಂದರು ತಂಡ ಎಂದು ಮಾವ. ಗಿರಣಿ ತಂಡ ಎಂದು ಕಟಿಂಗ್ ಶಾಪಿನ ಕತ್ತರಿ ಅಂಕಲ್. ಹನ್ನೊಂದು ವರ್ಷದಿಂದ ಈ ಜಗಳ ಹೀಗೇ ನಡೆದಿತ್ತು. ಇಬ್ಬರೂ ಜೀವದ ಗೆಳೆಯರು. ಹಾಗಾಗಿ ಯಾರೂ ಸೋಲುವ ಹಾಗಿರಲಿಲ್ಲ.

ಕತ್ತರಿ ಅಂಕಲ್ ಹತ್ತಿರ ಒಂದು ಸಾಕ್ಷಿಯೂ ಇತ್ತು. ಗಿರಣಿ ತಂಡ ಫೈನಲ್ ಆಡುವ ಹಿಂದಿನ ಸಂಜೆ ಅದರ ಹನ್ನೆರಡೂ ಆಟಗಾರರಿಗೆ ಕೂದಲು ಕತ್ತರಿಸಿದ್ದು ಅವರೇ. ಆ ಸಂಜೆಯ ಫೋಟೋ ಕನ್ನಡಿಯ ಮೇಲೆ ತೂಗುತ್ತಿತ್ತು. ತೆಂಗಿನ ಮರದಂಥ ಹನ್ನೆರಡು ಜನ, ನಡುವೆ ಅವರ ಎದೆಗೂ ಬಾರದ ಅಂಕಲ್, ಕೈಯಲ್ಲಿ ಕತ್ತರಿ. ಶೇವಿಂಗಿಗೆ ಬಂದವರೆಲ್ಲ ಆ ಕತೆ ಕೇಳಲೇಬೇಕು. ಅವಸರ ಇದೆ ಅಂದವರು ಎರಡು ಸಲ ಕೇಳಬೇಕು.

ಹೋದ ತಿಂಗಳು ಅಂಕಲ್ಲೇ ಒಂದು ಸವಾಲು ಹಾಕಿದರು. ಬಾಯಿ ಮಾತು ಸಾಕು, ನಿನ್ನ ಸೊಸೆ ಲೆಕ್ಕದಲ್ಲಿ ಜಾಣೆಯಂತಲ್ಲ, ಅವಳೇ ಅಂಕಿ ಅಂಶ ಹಾಕಿ ರ‍್ಯಾಂಕ್ ಕೊಡಲಿ. ನನ್ನ ಟೀಮ್ ಫಸ್ಟ್ ಬರದಿದ್ದರೆ ಫೋಟೋ ಇಳಿಸುತ್ತೇನೆ, ನಿನ್ನದನ್ನು ತಂದು ತಗಲಿಹಾಕು, ಅಂದರು. ಮಾವ ಒಪ್ಪಿದ. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಏನು ಹೇಳುತ್ತಿದ್ದಳು? ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಅವಳು "ಎಸ್ ಮಿಸ್" ಅನ್ನುವುದು ಕೇಳಿಸದೆ ಮಿಸ್ಸು ಎರಡು ಸಲ ಆಬ್ಸೆಂಟ್ ಹಾಕಿದ್ದರು. ಮಾವ ಅವಳಿಗೆ ಇಟ್ಟ ಹೆಸರೇ ದಶಮಾಂಶ. ಒಂದು ಮಾತನ್ನೂ ಪೂರ್ತಿ ಆಡುವುದಿಲ್ಲ, ಪಾಯಿಂಟ್ ಐದಕ್ಕೇ ನಿಲ್ಲಿಸುತ್ತಾಳೆ ಅಂತ.

ಆದರೆ ಅಂಕಿಗಳೆಂದರೆ ಅವಳಿಗೆ ಇಷ್ಟ. ಅವು ಯಾರನ್ನೂ ಗಟ್ಟಿಯಾಗಿ ಮಾತಾಡು ಅನ್ನುವುದಿಲ್ಲ.

ಮಾವ ಲೈಬ್ರರಿಯಿಂದ ಲೀಗಿನ ದಪ್ಪ ಪುಸ್ತಕಗಳನ್ನು ಹೊತ್ತು ತಂದ. ಅವಳು ಸುಲಭದ ಒಂದು ನಿಯಮ ಮಾಡಿಕೊಂಡಳು. ತಂಡ ಚಾಂಪಿಯನ್ ಆದ ವರ್ಷ ಒಂದೊಂದು ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಎದುರಾಳಿಗಿಂತ ಹೆಚ್ಚು ಗಳಿಸಿದರು? ಅಷ್ಟೇ. ನಾಲ್ಕು ಸಂಜೆ ಕೂತು ಲೆಕ್ಕ ಹಾಕಿದಳು. ಗಿರಣಿ ತಂಡ, ಹನ್ನೊಂದು ಪಾಯಿಂಟ್ ನಾಲ್ಕು. ಫಸ್ಟ್. ಬಂದರು ತಂಡ, ಏಳು ಪಾಯಿಂಟ್ ಒಂಬತ್ತು. ನಾಲ್ಕನೆಯದು.

ಮಾವ ಬೈಯಲಿಲ್ಲ. ನಾಲ್ಕನೆಯದು ಅಂದರೆ ಪದಕ ಕೂಡ ಇಲ್ಲವಲ್ಲ ಎಂದು ಗೋಡೆಗೆ ಹೇಳಿದ, ಅಷ್ಟೇ. ಮಾರನೆಯ ದಿನ ಪಾತ್ರೆ ಒರೆಸುತ್ತಾ, ಬೇರೆ ಊರಿಗೆ ಹೋಗಿ ಗೆಲ್ಲುವುದು ಕಷ್ಟ ತಾನೇ, ಅದಕ್ಕೆ ಸ್ವಲ್ಪ ಜಾಸ್ತಿ ಬೆಲೆ ಕೊಡಬೇಡವಾ ಎಂದು ಕೇಳಿದ. ನ್ಯಾಯವಾದ ಮಾತು. ಬಂದರು ತಂಡ ಮೂರನೆಯದಾಯಿತು. ಅದರ ಮಾರನೆಯ ದಿನ, ಗಟ್ಟಿ ಟೀಮನ್ನು ಸೋಲಿಸುವುದೂ ಪುಡಿ ಟೀಮನ್ನು ಸೋಲಿಸುವುದೂ ಒಂದೇನಾ ಅಂದ. ಅದೂ ನ್ಯಾಯವೇ. ಎರಡನೆಯದಾಯಿತು.

ಆಮೇಲೆ ಮಾವನ ಬತ್ತಳಿಕೆ ಖಾಲಿ. ಎರಡನೆಯದೂ ಒಳ್ಳೆಯದೇ ಬಿಡು ಅಂದ. ಬಾಯಿ ಹಾಗೆ ಅಂದಿತು, ಮುಖ ಮಾತ್ರ ಪಂಕ್ಚರ್ ಆದ ಟೈರಿನ ಹಾಗಿತ್ತು. ಅವಳಿಗೆ ಆ ಮುಖ ನೋಡಲಾಗಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಒಬ್ಬಳೇ ಪುಸ್ತಕ ತಿರುವಿದಳು. ಬಂದರು ತಂಡ ಆ ವರ್ಷದ ಮೊದಲ ಒಂಬತ್ತು ಪಂದ್ಯಗಳಲ್ಲಿ ಐದನ್ನು ಸೋತಿತ್ತು. ಆ ಒಂಬತ್ತು ಇಲ್ಲದಿದ್ದರೆ? ಹೊಸ ತಂಡ ಹೊಂದಿಕೊಳ್ಳಲು ಟೈಮ್ ಬೇಕಲ್ಲ. ಬರೀ ಬಂದರು ತಂಡಕ್ಕೆ ಅಲ್ಲ, ಇಪ್ಪತ್ತೆರಡಕ್ಕೂ ಮೊದಲ ಒಂಬತ್ತು ಬಿಟ್ಟರಾಯಿತು. ಎಲ್ಲರಿಗೂ ಒಂದೇ ನಿಯಮ ಅಂದಮೇಲೆ ಅನ್ಯಾಯ ಎಲ್ಲಿಂದ ಬಂತು?

ಬಂದರು ತಂಡ, ಹನ್ನೆರಡು ಪಾಯಿಂಟ್ ಆರು. ಗಿರಣಿ ತಂಡ, ಹನ್ನೆರಡು ಪಾಯಿಂಟ್ ಮೂರು.

ಮಾವ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ್ದ. ಇಳಿದವಳೇ ಅವಳು ಮೊದಲನೇ ಸಲ ತಾಳೆ ನೋಡಲು ಕೂತಿದ್ದಳು. ಅಂಕಿಗಳು ಒಂದಿಷ್ಟು ವಾಲಿದಂತೆ ಕಂಡದ್ದು ತಿರುಗಿಸಿದ್ದಕ್ಕೆ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದಳು.

ಕಟಿಂಗ್ ಶಾಪಿನಲ್ಲಿ ಪೋಸ್ಟ್‌ಮ್ಯಾನ್ ಕೂತಿದ್ದರು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರಲ್ಲಿ ನೊರೆ. ಮಾವ ಚಾರ್ಟನ್ನು ಗೋಡೆಗೆ ಹಿಡಿದು ನಾಲ್ಕು ಮೂಲೆಗೂ ಟೇಪ್ ಹಚ್ಚಿದ. ಕತ್ತರಿ ಅಂಕಲ್ ರೇಜರ್ ಕೆಳಗಿಟ್ಟು ಬಂದು ಓದತೊಡಗಿದರು. ಪೋಸ್ಟ್‌ಮ್ಯಾನ್ ತಮ್ಮ ಇನ್ನೊಂದು ಕೆನ್ನೆಯ ಬಗ್ಗೆ ವಿಚಾರಿಸಿದರು.

"ಚುಕ್ಕೆ ಮೂರು," ಅಂದರು ಅಂಕಲ್. "ಹನ್ನೆರಡು ಜನರನ್ನ ಗೋಡೆಯಿಂದ ಇಳಿಸೋದು ಚುಕ್ಕೆ ಮೂರಕ್ಕಾ?"

ಮಾವ ಇಲ್ಲದ ಮೀಸೆ ತಿರುವಿದ. ಸೋಲು ಸೋಲೇ, ಚುಕ್ಕೆ ಒಂದಾದರೂ ಸೋಲೇ ಎಂದು ಭಾಷಣ ಶುರುಮಾಡಿದ. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಕುರ್ಚಿಯಿಂದಲೇ ಕತ್ತು ಚಾಚಿ, ಕೆಳಗೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ, ಮೊದಲ ಒಂಬತ್ತು ಯಾಕೆ ಬಿಟ್ಟಿದ್ದೀರಿ ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಅವಳ ಕೈ ಹೆಗಲವರೆಗೂ ಹೋಗಿತ್ತು. ಮಾವ ತಡಮಾಡದೆ ಉತ್ತರ ಕೊಟ್ಟ. ಹೊಸ ಬಸ್ಸೂ ಸಾವಿರ ಕಿಲೋಮೀಟರ್ ಓಡಿದ ಮೇಲೇ ಇಂಜಿನ್ ಹದಕ್ಕೆ ಬರೋದು, ಟೀಮೂ ಹಾಗೇ ಅಂದ. ಪೋಸ್ಟ್‌ಮ್ಯಾನ್ ತಲೆದೂಗಿದರು. ಅವರಿಗೆ ಬೇಕಾಗಿದ್ದು ಇನ್ನೊಂದು ಕೆನ್ನೆ ಮಾತ್ರ.

ಈಗ ಅಂಕಲ್ ಜಗಳ ತೆಗೆಯುತ್ತಾರೆ ಎಂದು ಅವಳು ಕಾದಳು. ತೆಗೆದರೆ ಒಳ್ಳೆಯದಿತ್ತು. ಮಾವನ ಬೆನ್ನ ಹಿಂದೆ ನಿಂತುಬಿಡಬಹುದಿತ್ತು.

ಅಂಕಲ್ ಜಗಳ ತೆಗೆಯಲಿಲ್ಲ. ಸ್ಟೂಲ್ ಎಳೆದುಕೊಂಡು ಹತ್ತಿದರು. ಮಾವನ ಮುಖದ ಗೆಲುವು ಅರ್ಧ ಇಳಿಯಿತು.

"ಏ, ಇರಲಿ ಬಿಡಯ್ಯ. ತಮಾಷೆಗೆ ಅಂದಿದ್ದು."

"ನೀನು ಹಾಕಿದ ಲೆಕ್ಕ ಆಗಿದ್ರೆ ಈ ಪೇಪರಲ್ಲೇ ಶೇವಿಂಗ್ ನೊರೆ ಒರೆಸ್ತಿದ್ದೆ," ಅಂದರು ಅಂಕಲ್, ಮೊಳೆಯಿಂದ ದಾರ ಬಿಡಿಸುತ್ತಾ. "ಇದು ಮಗು ಹಾಕಿದ್ದು."

ಫೋಟೋ ಕೆಳಗೆ ಬಂತು. ಅದಿದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಹೊಚ್ಚಹೊಸದಾಗಿತ್ತು. ಅಂಕಲ್ ಗಾಜನ್ನು ಟವೆಲಿನಿಂದ ಒರೆಸಿ, ಎಲ್ಲಿಡುವುದೆಂದು ಅತ್ತಿತ್ತ ನೋಡಿದರು. ಶಾಂಪೂ ಬಾಟಲಿಗಳ ಪಕ್ಕ ಹಿಡಿಸಲಿಲ್ಲ. ಕುರ್ಚಿಯ ಮೇಲೆ ಪೋಸ್ಟ್‌ಮ್ಯಾನ್ ಇದ್ದರು. ಕೊನೆಗೆ ಎದೆಗೆ ಒರಗಿಸಿಕೊಂಡೇ ನಿಂತರು. ಬೇಜಾರನ್ನು ತೋರಿಸಬಾರದೆಂದು ನಗುತ್ತಿದ್ದರು. ನಗು ಸರಿಯಾಗಿ ಕೂತಿರಲಿಲ್ಲ.

"ಎಷ್ಟು ದಿನ ಕೂತು ಮಾಡಿದೆಯಮ್ಮಾ ಇದನ್ನ? ಗೆರೆ ಎಲ್ಲ ಎಷ್ಟು ನೀಟಾಗಿದೆ."

ಅವಳು ಚಾರ್ಟನ್ನು ನೋಡಿದಳು. ಅಂಕಿಗಳು ಸಾಲಾಗಿ ನಿಂತಿದ್ದವು, ಪಾಪ, ಅವಳು ನಿಲ್ಲಿಸಿದ ಜಾಗದಲ್ಲಿ. ಅವು ಅಲ್ಲಿಗೆ ಹೇಗೆ ಬಂದವೆಂದು ಅಂಕಲ್ ಕೇಳಿಯೇ ಇರಲಿಲ್ಲ. ಅವರು ನಂಬಿದ್ದು ಅಂಕಿಗಳನ್ನಲ್ಲ.

"ಅಂಕಲ್," ಅಂದಳು. ಬೀದಿಯಲ್ಲಿ ಒಂದು ಸ್ಕೂಟರ್ ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾದಳು. ಮಾವನ ಕಡೆ ಒಂದು ಸಲ ನೋಡಿದಳು, ಆಮೇಲೆ ನೋಡಲಿಲ್ಲ.

"ಅಂಕಲ್, ಫೋಟೋ ಮತ್ತೆ ಹಾಕಿ. ನಾನು ಉತ್ತರ ಮೊದಲೇ ಬರೆದಿಟ್ಟುಕೊಂಡೆ. ಅದು ಬರೋವರೆಗೂ ಲೆಕ್ಕ ಬದಲಾಯಿಸಿದೆ."