ದೀಪ ದೊಡ್ಡದು ಮಾಡು

ಎಂಬತ್ತೇಳರಲ್ಲಿ ಶಕ್ತಿನಗರದ ನಮ್ಮ ಕ್ವಾರ್ಟರ್ಸಿನಲ್ಲಿ ನಡೆದದ್ದು. ಕರೆಂಟು ಉಳಿಸುವ ಫಾರಿನ್ ಬಲ್ಬೊಂದನ್ನು ತಂದು, ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿಗೆ ಜೋಡಿಸಿದ್ದೆ. ಅದು ನೊಣದಂತೆ ಗುಂಯ್‌ಗುಡುತ್ತಿತ್ತು.

ಜ್ವರದಲ್ಲಿ ಮಲಗಿದ್ದ ಅವ್ವ ಸಂಜೆ ಆರಕ್ಕೆ, “ಯಪ್ಪಾ, ದೀಪ ದೊಡ್ಡದು ಮಾಡೋ” ಅಂದಳು. ಕತ್ತಲಿಗೆ ಹೆದರಿದಳೆಂದು ಗುಂಡಿಯನ್ನು ಪೂರ್ತಿ ಏರಿಸಿ ಡ್ಯೂಟಿಗೆ ಹೊರಟೆ. ದೀಪ ‘ಆರಿಸು’ ಅನ್ನಬಾರದೆಂದು ಅವ್ವ ಜೀವಮಾನವಿಡೀ ‘ದೊಡ್ಡದು ಮಾಡು’ ಅನ್ನುತ್ತಿದ್ದದ್ದು ಗೇಟಿನ ಬಳಿ ನೆನಪಾಯಿತು. ಓಡಿ ಬಂದೆ. ಅಂಗೈಯಿಂದ ಕಣ್ಣು ಮುಚ್ಚಿಕೊಂಡೇ ಹೋಗಿಬಿಟ್ಟಿದ್ದಳು.

ಗುಂಡಿಯನ್ನು ಸೊನ್ನೆಗೆ ಇಳಿಸಿದೆ. ಬಲ್ಬು ಆರಲಿಲ್ಲ. ಮುಟ್ಟಿದರೆ ಗಡಿಗೆಯ ನೀರಿನಷ್ಟು ತಣ್ಣಗಿತ್ತು. ಬಿಚ್ಚಿ, ಅವಳ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ.

ಎರಡು ವರ್ಷವಾಯಿತು. ದಿನಾ ಸಂಜೆ ಆರಕ್ಕೆ ಟ್ರಂಕಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ದಿನದಿಂದ ದಿನಕ್ಕೆ ಅದು ದೊಡ್ಡದಾಗುತ್ತಿದೆ.